ಉದ್ದ ತಿರುವಿನ ಜಗಳ

ಅವಳು ಮುಖ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಕಪ್ಪು ಕಾರು ಟ್ರ್ಯಾಕಿನ ಮೇಲೆ ಓಡುತ್ತಿತ್ತು. ಅದನ್ನು ಓಡಿಸಬೇಕಾದವಳು ಮಾತ್ರ ಇಲ್ಲಿ ಒದ್ದೆ ಮುಖದಲ್ಲಿ, ಕೈಯಲ್ಲಿ ಟವೆಲ್ ಹಿಡಿದು ನಿಂತಿದ್ದಳು.

ಮೊದಲು ಕಿವಿಯನ್ನೇ ನಂಬಲಾಗಲಿಲ್ಲ. ಆಮೇಲೆ ಗೇರ್ ಬದಲಾದ ಸದ್ದು ಬಂತು. ಇಂಜಿನ್ನಿಗೆ ಇನ್ನೂ ಉಸಿರಿರುವಾಗಲೇ ಗಂಟಲು ಹಿಸುಕಿದ ಹಾಗೆ ಗೇರ್ ಹಾಕುವವನು ಒಬ್ಬನೇ. ಗಡ್ಡ. ಅವಳು ಕೆಲಸ ಮಾಡುವ ಕಾರ್ ಪತ್ರಿಕೆಯ ಇನ್ನೊಬ್ಬ ಡ್ರೈವರ್; ಅಡ್ಡಹೆಸರೇ ಹಾಗೆ.

ಟ್ರ್ಯಾಕಿನ ಪಕ್ಕದ ಗೋಡೆಗೆ ಒರಗಿ, ಸ್ಟಾಪ್‌ವಾಚ್ ಹಿಡಿದು ಇನ್ನೊಬ್ಬ ನಿಂತಿದ್ದ. ಅದೇ ಪತ್ರಿಕೆಯಲ್ಲಿ ಕಾರುಗಳ ಟೆಸ್ಟ್ ವರದಿ ಬರೆಯುವವನು. ಆಫೀಸಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು; ನೋಟಿಸ್ ಬೋರ್ಡಿನ ಮೇಲೆ ಕಾಗುಣಿತ ತಪ್ಪಿದ್ದರೂ ಪೆನ್ನು ತೆಗೆದು ತಿದ್ದುವ ಚಾಳಿ ಅವನದು.

"ಯಾರು ಓಡಿಸ್ತಿರೋದು?"

ಅವನು ತಿರುಗಲಿಲ್ಲ. "ಗಡ್ಡ."

"ಅದು ನಂಗೂ ಕೇಳಿಸ್ತಿದೆ. ಕೀ ಕೊಟ್ಟಿದ್ದು ಯಾರು?"

"ನಾನೇ."

"ಯಾಕೆ?"

"ಕಾರು ಬುಗುರಿ ಥರ ಸುತ್ತಿತಲ್ಲ. ನಿಂಗೆ ಸ್ವಲ್ಪ ರೆಸ್ಟ್ ಬೇಕು ಅನ್ನಿಸ್ತು."

"ಯಾರಿಗೆ ಅನ್ನಿಸ್ತು? ನಂಗಾ, ನಿಮಗಾ?"

ಈಗ ಅವನು ತಿರುಗಿದ. ಕೋಪ ನೆತ್ತಿಗೇರಿದಾಗ ಮಾತ್ರ ಅವಳ ಬಾಯಲ್ಲಿ ಬಹುವಚನ ಬರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ವಾರ ಟೆಸ್ಟಿಗೆ ಬಂದಿದ್ದವು ಎರಡು ಸ್ಪೋರ್ಟ್ಸ್ ಕಾರುಗಳು. ಒಂದು ಕೆಂಪು, ಒಂದು ಕಪ್ಪು. ಎರಡರಲ್ಲೂ ಇಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಮುಂದಿನವು ದಾರಿ ಹಿಡಿಯುವುದಕ್ಕೆ ಮಾತ್ರ. ಇಂಥ ಕಾರನ್ನು ತಿರುವಿನಲ್ಲಿ ಅವಸರಪಟ್ಟು ತುಳಿದರೆ ಬಾಲ ಹೊರಕ್ಕೆ ಜಾರುತ್ತದೆ. ಎಲ್ಲಿಯವರೆಗೆ ತುಳಿದರೆ ಜಾರುವುದಿಲ್ಲ, ಎಲ್ಲಿಂದ ಜಾರುತ್ತದೆ ಎಂದು ಹುಡುಕುವುದೇ ಅವಳ ಕೆಲಸ. ಕೆಂಪು ಕಾರು ಹಗುರ, ಬಲ ಸ್ವಲ್ಪ ಕಡಿಮೆ, ಹೇಳಿದ ಕಡೆ ತಿರುಗುತ್ತಿತ್ತು. ಕಪ್ಪು ಭಾರ, ಬಲ ಜಾಸ್ತಿ, ಸಿಡುಕು ಇನ್ನೂ ಜಾಸ್ತಿ. ಟ್ರ್ಯಾಕಿನ ಮೇಲೆ ಯಾವುದು ಮೇಲು ಎನ್ನುವುದೇ ಮುಂದಿನ ಸಂಚಿಕೆಯ ಮುಖಪುಟ.

ಹಿಂದಿನ ಸಂಜೆಯಿಡೀ ಇಬ್ಬರೂ ಇದೇ ವಿಷಯಕ್ಕೆ ಕಿತ್ತಾಡಿದ್ದರು. ಆದರೆ ಅದು ಬೇರೆ ಥರದ ಜಗಳ.

"ಕೆಂಪೇ ಗೆಲ್ಲೋದು, ಬರ್ದಿಟ್ಕೋ," ಎಂದಿದ್ದ ಅವನು.

"ನಿಂಗೆ ಮಾತು ಕೇಳೋ ಕಾರೇ ಬೇಕು."

"ಮಾತು ಕೇಳದೇ ಇರೋರ ಜೊತೆ ದಿನಾ ಕೆಲ್ಸ ಮಾಡ್ತಿದೀನಿ. ಕಾರಾದ್ರೂ ಕೇಳ್ಲಿ ಅಂತ."

ಹಾಗೆಂದು ಟೀ ಕಪ್ಪಿನ ಅಂಚಿನ ಮೇಲಿಂದ ಅವನು ನೋಡಿದ್ದ. ಒಂದು ಕ್ಷಣ ಹೆಚ್ಚೇ ನೋಡಿದ್ದ. ಅವಳು ಕಣ್ಣು ತಪ್ಪಿಸಿ, ಕಾರಣವಿಲ್ಲದೆ ಹೆಲ್ಮೆಟ್ಟಿನ ಗಾಜು ಒರೆಸಿದ್ದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ನೋಟ ಅವಳ ಜೊತೆಗೆ ಬಂದಿತ್ತು.

ಇವತ್ತು ಬೆಳಿಗ್ಗೆ ಕೆಂಪು ಕಾರಿನ ಸುತ್ತುಗಳನ್ನು ಮುಗಿಸಿ ಅವಳು ಕಪ್ಪು ಹತ್ತಿದ್ದಳು. ಉದ್ದ ತಿರುವಿನಲ್ಲಿ ಅದು ಕೈ ತಪ್ಪಿತು. ಗಿರ್ರನೆ ಸುತ್ತಿ, ಹುಲ್ಲು ಕಿತ್ತು, ಬಂದ ದಾರಿಗೆ ಮುಖ ಮಾಡಿ ನಿಂತಿತು. ಕಾರಿಗೆ ಏನೂ ಆಗಿರಲಿಲ್ಲ. ಅವಳಿಗೂ. ಹುಡುಕುತ್ತಿದ್ದದ್ದು ಸಿಕ್ಕಿತಲ್ಲ ಎಂದು ಅವಳು ನಕ್ಕಿದ್ದಳು ಕೂಡ. ಮುಖದ ಮೇಲಿನ ಧೂಳು ತೊಳೆದುಕೊಂಡು ಬರೋಣವೆಂದು ಒಳಗೆ ಹೋದದ್ದೇ ತಪ್ಪಾಯಿತು.

"ಹೋದ ವರ್ಷ ಗಡ್ಡ ಗೋಡೆಗೇ ಗುದ್ದಿದ," ಎಂದಳು. "ಅವತ್ತು ಅವನಿಗೆ ರೆಸ್ಟ್ ಕೊಟ್ರಾ?"

ಅವನು ಸ್ಟಾಪ್‌ವಾಚಿನ ಗುಂಡಿ ಒತ್ತಿದ.

"ಇಲ್ಲ. ಬೆನ್ನು ತಟ್ಟಿದ್ರಿ. 'ಗೋಡೆಗೂ ಗೊತ್ತಾಯಿತು ಇವನ ಧೈರ್ಯ' ಅಂತ ಬರೆದ್ರಿ."

"ಆ ಸಾಲು ಇನ್ನೂ ನೆನಪಿದ್ಯಾ ನಿಂಗೆ?"

"ನೀವು ಬರೆದಿದ್ದೆಲ್ಲ ನೆನಪಿರತ್ತೆ. ಅದೇ ನನ್ನ ಕರ್ಮ!"

ಬಾಯಿಂದ ಬಿದ್ದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಕಿವಿ ಬಿಸಿಯಾಯಿತು. ಅದಕ್ಕೂ ಸೇರಿಸಿ ಕೋಪ ಬಂತು. ಟವೆಲ್ಲನ್ನು ಗೋಡೆಯ ಮೇಲೆ ಎಸೆದು, ಬ್ಯಾಗು ಎತ್ತಿಕೊಂಡು, ಯಾರಿಗೂ ಹೇಳದೆ ಹೊರಟುಬಿಟ್ಟಳು.

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಮನೆಯಲ್ಲೇ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಅಡುಗೆಮನೆಯಲ್ಲಿ ಮೂರನೇ ಸಲ ಪಾತ್ರೆ ಧಡಾರೆಂದಾಗ ಮೆಷಿನ್ ನಿಂತಿತು.

"ಪಾಪ, ಆ ಪಾತ್ರೆ ಏನ್ ಮಾಡಿತ್ತು?"

"ಸುಮ್ನಿರು ಅಕ್ಕ."

"ಕೋಪ ಯಾರ ಮೇಲೆ? ಮೇಷ್ಟ್ರ ಮೇಲಾ?"

"ಆ ಹೆಸರು ಎತ್ಬೇಡ!"

ಭಾವ ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದು ಅದರ ಹಿಂದೆ ಮರೆಯಾದ. ಅವಳು ನಿಂತಲ್ಲೇ ನಡೆದದ್ದನ್ನೆಲ್ಲ ಒದರಿದಳು. ಅಕ್ಕ ಬಾಯಲ್ಲಿದ್ದ ದಾರ ತೆಗೆದಳು.

"ಕಾರು ಸುತ್ತಿತು ಅಂದ್ರೆ ನಂಗೂ ಎದೆ ಝಲ್ ಅನ್ನತ್ತೆ, ಪುಟ್ಟಿ."

"ಅನ್ನಲಿ. ಆದ್ರೆ ನೀನು ನನ್ನ ಕೈಯಿಂದ ಕೀ ಕಿತ್ಕೊಳ್ಳಲ್ಲ."

ಅಕ್ಕ ಸೂಜಿಗೆ ದಾರ ಪೋಣಿಸಿದಳು. "ಹಾಗಾದ್ರೆ ಅದನ್ನ ಹೋಗಿ ಅವನಿಗೆ ಹೇಳು. ನನ್ನ ಪಾತ್ರೆಗೆ ಹೇಳ್ಬೇಡ."

ಮಾರನೆಯ ದಿನ ಆಫೀಸಿನ ಮೀಟಿಂಗಿಗೆ ಅವಳು ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡೇ ಬಂದಳು. ಒಂದೊಂದೂ ಚೂಪಾಗಿತ್ತು. ಸಂಪಾದಕಿ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದರು. ಗಡ್ಡ ಕಿಟಕಿಯ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದ್ದು ನಿಂತ.

"ಮೇಡಂ, ಈ ಟೆಸ್ಟ್ ನಾನು ಬರೆಯೋಕಾಗಲ್ಲ."

"ಏನಂತೆ?"

"ಕೆಂಪು ಓಡಿಸಿದ್ದು ಇವಳು. ಕಪ್ಪು ಓಡಿಸಿದ್ದು ಗಡ್ಡ. ಹಾಗೆ ಬರೆದ್ರೆ ಇಬ್ಬರು ಡ್ರೈವರ್‌ಗಳನ್ನ ಹೋಲಿಸಿದ ಹಾಗಾಗತ್ತೆ, ಕಾರುಗಳನ್ನಲ್ಲ. ತಪ್ಪು ನಂದು. ಇವಳು ರೆಡಿ ಇದ್ಲು, ನಾನು ಬಿಡ್ಲಿಲ್ಲ."

"ಯಾಕೆ ಬಿಡ್ಲಿಲ್ಲ?"

ಅವನು ಮೇಜು ನೋಡಿದ. "ಅದು ಕೆಲಸಕ್ಕೆ ಸಂಬಂಧಪಟ್ಟ ಕಾರಣ ಅಲ್ಲ, ಮೇಡಂ."

ಗಡ್ಡನ ಬಿಸ್ಕತ್ತು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಸಂಪಾದಕಿ ಮೇಷ್ಟ್ರನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ತಲೆಯ ಮೇಲಿನ ಕನ್ನಡಕ ಕೈಗೆ ಸಿಕ್ಕಿದ ಮೇಲೆ ಅದನ್ನು ಹಾಕಿಕೊಂಡು ಇಬ್ಬರನ್ನೂ ಮತ್ತೊಮ್ಮೆ ನೋಡಿದರು.

"ನಾಳೆ ಬೆಳಿಗ್ಗೆ ಟ್ರ್ಯಾಕ್ ಸಿಗತ್ತಾ ಕೇಳ್ತೀನಿ. ಸಿಗದೇ ಹೋದ್ರೆ ಮುಖಪುಟಕ್ಕೆ ಕಸದ ಲಾರಿ ಫೋಟೋ ಹಾಕ್ತೀನಿ. ಕೆಳಗೆ ನಿನ್ನ ಹೆಸರು."

ಮೆಟ್ಟಿಲ ತಿರುವಿನಲ್ಲಿ ಅವಳು ಅವನನ್ನು ಹಿಡಿದಳು. ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆಲ್ಲ ಅವನೇ ಮೊದಲು ಉತ್ತರ ಕೊಟ್ಟುಬಿಟ್ಟಿದ್ದ. ಅದಕ್ಕೂ ಅವಳಿಗೆ ಸಿಟ್ಟು.

"ಎಲ್ಲರ ಮುಂದೆ ಅದೇನು ಹೇಳಿದ್ದು? ಕೆಲಸಕ್ಕೆ ಸಂಬಂಧ ಇಲ್ಲ ಅಂದ್ರೆ ಏನರ್ಥ?"

ಅವನು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದರಿಂದ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು.

"ಕಾರು ಸುತ್ತೋವಾಗ ನಾನು ಗೋಡೆ ಹಾರಿದ್ದೆ. ನಿಂಗೆ ಗೊತ್ತಿಲ್ಲ. ಅರ್ಧ ದಾರಿ ಓಡಿ ಬಂದಿದ್ದೆ. ನೀನು ಹೆಲ್ಮೆಟ್ ತೆಗೆದು ನಗ್ತಿದ್ದೆ. ಅದನ್ನ ನೋಡಿ ವಾಪಸ್ ಹೋದೆ. ಸ್ಟಾಪ್‌ವಾಚ್ ನಿಲ್ಲಿಸೋದೇ ಮರೆತಿದ್ದೆ." ಅವಳ ಕಣ್ಣನ್ನೇ ನೋಡಿದ. "ನೀನಂದ್ರೆ ನಂಗೆ ಇಷ್ಟ. ನೀನು ಕೆಲಸಕ್ಕೆ ಸೇರಿದಾಗಿನಿಂದ."

ಈ ಮಾತಿಗಾಗಿ ಅವಳು ಎಷ್ಟು ಸಲ ಕಾದಿದ್ದಳು. ಹೀಗೆ ಹೇಳುತ್ತಾನೆ, ಹಾಗೆ ಹೇಳುತ್ತಾನೆ ಎಂದು ಬಸ್ಸಿನ ಕಿಟಕಿಯಲ್ಲಿ ಕೂತು ಕಲ್ಪಿಸಿಕೊಂಡಿದ್ದಳು. ಈಗ ಮಾತು ಬಂದು ಎದುರಿಗೆ ನಿಂತಾಗ ಅದನ್ನು ಎತ್ತಿ ಮೆಟ್ಟಿಲ ಕೆಳಗೆ ಎಸೆಯಬೇಕು ಅನ್ನಿಸಿತು.

"ಇಷ್ಟು ದಿನ ಬಾಯಿ ಬಿಡ್ಲಿಲ್ಲ. ಬಿಟ್ಟಿದ್ದು ಯಾವಾಗ? ನನ್ನ ಕೆಲ್ಸ ಕಿತ್ಕೊಂಡ ಮೇಲೆ."

"ಹೌದು."

"ಹೌದು ಅನ್ಬೇಡಿ! ಜಗಳ ಆಡಿ!"

"ತಪ್ಪು ನಂದಾದಾಗ ಏನಂತ ಆಡ್ಲಿ?"

"ಇಷ್ಟ ಪಡೋದು ಅಂದ್ರೆ ಹೀಗೇನಾ? ನಾಳೆ ಇನ್ನೇನು ಕಿತ್ಕೊಳ್ತೀರ? ನಿಮ್ಮ ಭಯ ನಿಮ್ಮ ಹತ್ರ ಇಟ್ಕೊಳ್ಳಿ. ಅದನ್ನ ತಂದು ನನ್ನ ಕಾಲಿಗೆ ಕಟ್ಬೇಡಿ!"

"ಇಟ್ಕೊಳ್ತೀನಿ!" ಅವನ ದನಿ ಮೊದಲ ಬಾರಿಗೆ ಏರಿತು. ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ತಕ್ಷಣ ಮುಚ್ಚಿದರು. "ಕೀ ಕಿತ್ಕೊಂಡಿದ್ದಕ್ಕೆ ಎಷ್ಟು ಸಲ ಬೇಕಾದ್ರೂ ತಪ್ಪಾಯ್ತು ಅಂತೀನಿ. ಹೆದರಿದ್ದಕ್ಕೆ ಮಾತ್ರ ಅನ್ನಲ್ಲ. ಗೋಡೆ ಈ ಕಡೆ ನಿಂತು ಒಂದು ದಿನ ನೋಡು, ಆಗ ಗೊತ್ತಾಗತ್ತೆ!"

ಇಬ್ಬರೂ ಏದುಸಿರು ಬಿಡುತ್ತಿದ್ದರು. ಅವನ ಮುಖ ಕೆಂಪಾಗಿತ್ತು. ಕಾಗುಣಿತ ತಿದ್ದುವ ಈ ಮನುಷ್ಯನೂ ಇಷ್ಟು ಜೋರಾಗಿ ಕೂಗಬಲ್ಲನೇ? ಅವಳಿಗೆ ಆಶ್ಚರ್ಯವಾಯಿತು. ಚೆನ್ನಾಗಿ ಕಾಣಿಸುತ್ತಾನೆ ಎಂದೂ ಅನ್ನಿಸಿತು. ಆ ಯೋಚನೆ ಮುಖಕ್ಕೆ ಬರುವ ಮೊದಲೇ ಅವಳು ತಿರುಗಿ ಮೆಟ್ಟಿಲು ಹತ್ತಿಹೋದಳು.

ಟ್ರ್ಯಾಕ್ ಸಿಕ್ಕಿತು.

ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಅವಳು ಅವನಿಗೆ ನಮಸ್ಕಾರವನ್ನೂ ಹೇಳದೆ ಕೆಂಪು ಕಾರು ಹತ್ತಿದಳು. ಮೊದಲು ಟೈರು ಬೆಚ್ಚಗಾಗಲು ನಿಧಾನದ ಸುತ್ತುಗಳು, ಆಮೇಲೆ ಲೆಕ್ಕದ ಸುತ್ತುಗಳು. ಕೆಂಪು ಕಾರು ಎಲ್ಲ ತಿರುವುಗಳಿಗೂ ಸರಿಯಾಗಿ ತಲೆಯಾಡಿಸಿತು. ಬ್ರೇಕ್ ತುಳಿದ ಕಡೆ ನಿಂತಿತು, ಬಿಟ್ಟ ಕಡೆ ಹೊರಟಿತು. ಒಂದು ತಕರಾರಿಲ್ಲ.

ಆಮೇಲೆ ಕಪ್ಪು.

ನೇರ ದಾರಿಯಲ್ಲಿ ಅದು ಬೆನ್ನಿಗೆ ಗುದ್ದಿದ ಹಾಗೆ ನುಗ್ಗಿತು. ಉದ್ದ ತಿರುವು ಹತ್ತಿರವಾಯಿತು. ಅದರ ಹೊರಗಡೆಯ ಗೋಡೆಯ ಹಿಂದೆ ಒಂದು ಬಿಳಿ ಶರ್ಟು. ಇವತ್ತು ಅವನು ಬೇಕೆಂದೇ ಅಲ್ಲಿ ಬಂದು ನಿಂತಿದ್ದ. ಅವಳು ಮೊನ್ನೆ ಎಲ್ಲಿ ತುಳಿದಿದ್ದಳೋ ಅಲ್ಲೇ ತುಳಿದಳು. ಬಾಲ ಜಾರತೊಡಗಿತು. ಈ ಸಲ ಅವಳ ಕೈಗೆ ಅದು ಮೊದಲೇ ತಿಳಿದಿತ್ತು. ಸ್ಟಿಯರಿಂಗ್ ಎದುರು ದಿಕ್ಕಿಗೆ ಸರಿಯಿತು, ಪಾದ ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಕಾರು ಗುರುಗುಟ್ಟುತ್ತ ನೇರವಾಯಿತು.

ಕಣ್ಣಂಚಿನಲ್ಲಿ ಅವಳಿಗೆ ಕಂಡದ್ದು ಇಷ್ಟೇ. ಅವನು ಎರಡೂ ಕೈಯಲ್ಲಿ ಗೋಡೆಯನ್ನು ಬಿಗಿಯಾಗಿ ಹಿಡಿದಿದ್ದ. ಮುಖ ಬೇರೆ ಕಡೆ ತಿರುಗಿಸಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಹೆಲ್ಮೆಟ್ ತೆಗೆದು ಗೋಡೆಯ ಹತ್ತಿರ ಬಂದಳು. "ಯಾವ್ದು?"

"ಕೆಂಪು," ಎಂದ ಅವನು. ಗೆದ್ದ ಸಂತೋಷ ಅವನ ದನಿಯಲ್ಲಿರಲಿಲ್ಲ. "ಕಣ್ಣು ಮಿಟುಕಿಸೋಷ್ಟೇ ವ್ಯತ್ಯಾಸ. ನೇರ ದಾರೀಲಿ ಕಪ್ಪು ಗಳಿಸಿದ್ದನ್ನ ತಿರುವಲ್ಲಿ ಕಳ್ಕೊಳ್ತು."

"ಹಾಗೇ ಬರಿ. ಅದ್ರ ಜೊತೆ ಇದನ್ನೂ ಬರಿ. ಮತ್ತೆ ಒಂದೇ ಕಾರು ಓಡಿಸು ಅಂದ್ರೆ ಡ್ರೈವರ್ ಕಪ್ಪು ಹತ್ತುತ್ತಾಳೆ."

"ಯಾಕಂತ ಬರೀಲಿ?"

"ಕೆಂಪಲ್ಲಿ ಕೂತ್ರೆ ನಾನು ಚೆನ್ನಾಗಿ ಓಡಿಸ್ತೀನಿ ಅಂತ ನೋಡೋರಿಗೆ ಅನ್ಸತ್ತೆ. ಕಪ್ಪಲ್ಲಿ ಕೂತ್ರೆ ನಂಗೆ ಅನ್ಸತ್ತೆ."

ಅವನು ಬರೆದುಕೊಳ್ಳಲಿಲ್ಲ. ಅವಳನ್ನೇ ನೋಡುತ್ತಿದ್ದ. ಅವಳು ಗೋಡೆಯ ಮೇಲಿಟ್ಟಿದ್ದ ಇನ್ನೊಂದು ಹೆಲ್ಮೆಟ್ ಎತ್ತಿ ಅವನ ಎದೆಗೆ ಒತ್ತಿದಳು.

"ಹತ್ತು."

"ನಾನಾ? ನಂಗೆ ಹೊಟ್ಟೆ ತೊಳಸತ್ತೆ. ಟ್ರ್ಯಾಕಲ್ಲಿ ನಾನು ಯಾವತ್ತೂ ಕೂತಿಲ್ಲ, ನಿಂಗೇ ಗೊತ್ತಲ್ಲ."

"ಗೊತ್ತು. ಗೋಡೆ ಈ ಕಡೆ ನಿಂತು ನೋಡು ಅಂದೆಯಲ್ಲ. ನಾನು ಗಡ್ಡ ಓಡಿಸೋವಾಗ ಮೂರು ವರ್ಷ ಅಲ್ಲೇ ನಿಂತು ನೋಡಿದೀನಿ. ಈಗ ನೀನು ಆ ಕಡೆ ಬಂದು ನೋಡು."

ಅವನು ಹತ್ತಿದ. ಬೆಲ್ಟ್ ಹಾಕಿಕೊಳ್ಳಲು ಬರಲಿಲ್ಲ. ಅವಳೇ ಬಾಗಿ ಹಾಕಿದಳು. ಅವಳ ಕೂದಲಿಗೆ ಪೆಟ್ರೋಲು ಮತ್ತು ಸೋಪಿನ ವಾಸನೆ ಇತ್ತು. ಅವನು ಉಸಿರು ಬಿಗಿಹಿಡಿದದ್ದು ಭಯಕ್ಕೋ ಬೇರೆಯದಕ್ಕೋ ಅವಳು ಕೇಳಲಿಲ್ಲ.

ಮೊದಲ ತಿರುವಿನಲ್ಲಿ ಅವನು ಬಾಗಿಲು ಹಿಡಿದ. ಎರಡನೆಯದರಲ್ಲಿ ಸೀಟು ಹಿಡಿದ. ಉದ್ದ ತಿರುವಿನಲ್ಲಿ ಅವಳು ಬಾಲವನ್ನು ಬೇಕೆಂದೇ ಜಾರಬಿಟ್ಟಳು. ಹೊರಗಿನ ಲೋಕವೆಲ್ಲ ಕಿಟಕಿಯ ಮೇಲೆ ಅಡ್ಡಡ್ಡವಾಗಿ ಹರಿಯಿತು. ಟೈರುಗಳು ಕಿರುಚಿದವು. ಅದಕ್ಕಿಂತ ಜೋರಾಗಿ ಅವನು ಕಿರುಚಿದ.

"ಏಯ್! ನಿಂಗೆ ಬುದ್ಧಿ ಇದ್ಯಾ? ಸಾಯಿಸ್ತೀಯಾ ನನ್ನ? ಏಯ್!"

ಕಾರು ನೇರವಾದದ್ದೇ ತಡ, ಆ ಬೈಗುಳ ಅವನ ಗಂಟಲಲ್ಲೇ ನಗುವಾಗಿ ತಿರುಗಿತು. ತಡೆಯಲಾಗದ, ಹುಚ್ಚು ನಗು. ಅವಳು ಅವನನ್ನು ಹೀಗೆ ನೋಡಿರಲಿಲ್ಲ. ಟ್ರ್ಯಾಕಿನ ಆ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕಾರು ನಿಲ್ಲಿಸಿದಳು.

"ಗೊತ್ತಾಯ್ತಾ?" ಎಂದಳು. "ಬಾಲ ಹೋಯ್ತು ಅಂದ್ಕೊಳ್ಳೋವಾಗ ಅದು ಇನ್ನೂ ಕೈಯಲ್ಲೇ ಇರತ್ತೆ. ಅದು ಹೊರಗಡೆಯಿಂದ ಕಾಣಲ್ಲ."

"ಗೊತ್ತಾಯ್ತು." ಹೆಲ್ಮೆಟ್ ತೆಗೆದ. ಮುಖ ಸುಣ್ಣ ಬಳಿದ ಹಾಗಿತ್ತು. "ಭಯ ಹೋಗಲಿಲ್ಲ. ಆದ್ರೆ ಕೀ ಇನ್ಯಾವತ್ತೂ ಮುಟ್ಟಲ್ಲ." ಸ್ವಲ್ಪ ತಡೆದು, "ವಾಂತಿ ಬರ್ತಿದೆ," ಎಂದ.

"ಕಾರಲ್ಲಿ ಬೇಡ."

"ಹೂಂ."

"ನಂಗೂ," ಎಂದಳು ಅವಳು.

"ವಾಂತಿನಾ?"

"ಇಷ್ಟ, ಪೆದ್ದ."

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ಅವಳು ಮುಂದಿನ ಗಾಜನ್ನೇ ನೋಡುತ್ತ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವನು ಅವಳ ಎಡಗೈಯ ಮೇಲೆ ತನ್ನ ಕೈ ಇಟ್ಟ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಹಾಗಂತ ಕೋಪ ಹೋಗಿದೆ ಅಂದ್ಕೋಬೇಡ. ಬೇಕಾದಷ್ಟಿದೆ. ಬಹಳ ದಿನ ಇರತ್ತೆ."

"ಇರಲಿ."

"ಮುಗಿಯೋ ತನಕ ನೀನು ದಿನಾ ಎದುರಿಗಿರ್ಬೇಕು. ಇಲ್ದಿದ್ರೆ ನಾನು ಯಾರ ಮೇಲೆ ತೋರಿಸ್ಲಿ?"

"ಮುಗಿದುಹೋದ್ರೆ?"

"ಬೇರೆ ಹುಡುಕ್ತೀನಿ," ಎಂದು ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ನಿನ್ನ ಹತ್ರ ಜಗಳಕ್ಕೆ ಕಾರಣ ಸಿಗೋದು ಕಷ್ಟವಾ?"