ಒಂದು ಚದರ ಮೀಟರ್ ಮರಳು

ಶನಿವಾರ ಬೆಳಿಗ್ಗೆ ಏಳು ಮುಕ್ಕಾಲು. ಸಿಂಗಪುರದ ಈಸ್ಟ್ ಕೋಸ್ಟ್ ಬೀಚಿನಲ್ಲಿ ಗಾರ್ಗಿ ದಾರ ಕಟ್ಟಿದ ಚೌಕದೊಳಗೆ ಒಂಬತ್ತು ಪ್ಲಾಸ್ಟಿಕ್ ಗುಳಿಗೆಗಳು ಸಿಕ್ಕವು. ಏಪ್ರಿಲ್ ಕೊನೆಯಲ್ಲಿ ಅದೇ ಚೌಕದಲ್ಲಿ ಇನ್ನೂರ ಹದಿನಾಲ್ಕು ಇದ್ದವು.

“ಒಂಬತ್ತು,” ಎಂದು ಇನ್ನೊಮ್ಮೆ ಹೇಳಿ, ಹಾಳೆ ಹಿಡಿದು ನಿಂತಿದ್ದ ವೇದಾಂತನತ್ತ ಅವಳು ತಲೆಯೆತ್ತಿದಳು. ನಗು ಮೊದಲು ಕಣ್ಣಿಗೆ ಬಂತು, ತುಟಿಗೆ ಬರಲು ಕೊಂಚ ತಡವಾಯಿತು. “ಬರ್ಕೊಳ್ಳಿ ಬ್ಯಾಂಕ್ ಸಾರ್. ಇಷ್ಟು ಸಣ್ಣ ನಂಬರ್ ಬರ್ದು ಅಭ್ಯಾಸ ಇಲ್ವಾ?”

ವೇದಾಂತ್ ಬರೆದುಕೊಂಡ. ಅವನು ಕಣ್ಣು ತಪ್ಪಿಸಿ ಹಾಳೆಯನ್ನೇ ನೋಡಿದ್ದಕ್ಕೆ ಅವಳು ಬೇರೆಯದೇ ಕಾರಣ ಊಹಿಸಿಕೊಂಡು, ಕೆನ್ನೆ ಕೆಂಪಾಗಿ ಮತ್ತೆ ಮರಳಿಗೆ ಬಗ್ಗಿದಳು.

ಗುಳಿಗೆ ಎಂದರೆ ಸಬ್ಬಕ್ಕಿ ಕಾಳಿನಷ್ಟು. ಬಾಟಲಿಯೋ ಬಕೆಟ್ಟೋ ಆಗುವ ಮುಂಚೆ ಪ್ಲಾಸ್ಟಿಕ್ ಹಡಗಿನಲ್ಲಿ, ಲಾರಿಯಲ್ಲಿ ಓಡಾಡುವುದು ಈ ರೂಪದಲ್ಲೇ. ಬೀಚ್ ಗುಡಿಸುವವರ ಕುಂಟೆಗೆ ಅದು ಸಿಗುವುದಿಲ್ಲ. ಒಂದು ಕಿಲೋ ತಯಾರಾಗುವಷ್ಟರಲ್ಲಿ ಸುಮಾರು ಎರಡು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ ಎಂದು ಗಾರ್ಗಿ ಹೊಸಬರಿಗೆಲ್ಲ ಹೇಳುತ್ತಿದ್ದಳು. ‘ಸುಮಾರು’ ಎಂಬ ಪದವನ್ನು ಒಮ್ಮೆಯೂ ಬಿಟ್ಟವಳಲ್ಲ. ವೇದಾಂತ್ ಸೋತದ್ದು ಆ ಪದಕ್ಕೇ.

ಗಾರ್ಗಿ ಇದೇ ಊರಿನ ಬಿಶಾನಿನಲ್ಲಿ ಬೆಳೆದವಳು. ಆರು ಜನರನ್ನು ಕಟ್ಟಿಕೊಂಡು ಎರಡು ವರ್ಷದಿಂದ ಪ್ರತಿ ಶನಿವಾರ ಎಣಿಸುತ್ತಿದ್ದಳು. ಗುಳಿಗೆಗಳನ್ನು ಚೀಲಕ್ಕೆ ತುಂಬುವ ಗೋದಾಮೊಂದು ಸಮುದ್ರ ಸೇರುವ ತನ್ನ ಚರಂಡಿಗೆ ಜಾಲರಿ ಹಾಕಬೇಕು, ಇಷ್ಟೇ ಅವಳ ಬೇಡಿಕೆ. ಇನ್ನೂರ ಹದಿನಾಲ್ಕು ಬಂದ ದಿನ ಅವಳು ಮೊಣಕಾಲಿಗೆ ಗಲ್ಲ ಊರಿ ಕೂತವಳು ಬಹಳ ಹೊತ್ತು ಏಳಲಿಲ್ಲ. ಎರಡು ವರ್ಷವಾದರೂ ನಂಬರ್ ಅಲ್ಲಾಡುತ್ತಲೇ ಇಲ್ಲ ಎಂದಿದ್ದಳು.

ಮುಂದಿನ ಶನಿವಾರ ವೇದಾಂತ್ ಕ್ಲೆಮೆಂಟಿಯ ಬಾಡಿಗೆ ರೂಮಿನಿಂದ ಮೊದಲ ಟ್ರೈನ್ ಹಿಡಿದ. ಬ್ಯಾಗಿನಲ್ಲಿ ಹಿಟ್ಟು ಜರಡಿ. ಎಲ್ಲರೂ ಬರುವ ಮುಂಚೆ, ಮೊಬೈಲ್ ಬೆಳಕಿನಲ್ಲಿ ಆ ಜಾಗದ ಮರಳನ್ನು ಜರಡಿ ಹಿಡಿದು, ಒಂದಷ್ಟು ಗುಳಿಗೆ ತೆಗೆದು, ಮಿಕ್ಕದ್ದನ್ನು ಬಿಟ್ಟ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ತೆಗೆದ. ಪಾಯಾ ಲೆಬಾರ್‌ನ ಬ್ಯಾಂಕ್ ಆಫೀಸಿನಲ್ಲಿ ದಿನವಿಡೀ ಚಾರ್ಟ್ ಮಾಡುವವನು. ಸಂಖ್ಯೆ ಹೇಗೆ ಇಳಿದರೆ ಜನ ನಂಬುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಗಾರ್ಗಿ ನಗತೊಡಗಿದಳು. ಎಣಿಕೆ ಮುಗಿದ ಮೇಲೆ ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಕಾಫಿ ಕುಡಿಯುವಾಗ ಅವಳ ಭುಜ ಅವನ ಭುಜಕ್ಕೆ ತಾಗಿದರೆ ಅಲ್ಲೇ ಇರುತ್ತಿತ್ತು.

ಈ ಶನಿವಾರ ಅವಳು ಕಾಫಿ ಮುಟ್ಟದೆ ಮೊಬೈಲ್ ಚಾಚಿದಳು. ಗೋದಾಮಿನವರ ಇಮೇಲ್. ನಿಮ್ಮದೇ ಅಂಕಿಗಳ ಪ್ರಕಾರ ಮಾಲಿನ್ಯ ಇಳಿಯುತ್ತಿದೆ, ಆದ್ದರಿಂದ ಜಾಲರಿಯ ಅಗತ್ಯವಿಲ್ಲ, ಸೋಮವಾರದೊಳಗೆ ಒಪ್ಪಿಗೆ ತಿಳಿಸಿ ಎಂದು ಬರೆದಿದ್ದರು.

“ಜೂನಿಂದ ಗಾಳಿ ಈ ಕಡೆ ತಿರುಗತ್ತೆ, ಕಸ ಜಾಸ್ತಿ ಆಗ್ಬೇಕು,” ಎಂದಳು. “ನಮ್ಮ ಚೌಕದಲ್ಲಿ ಮಾತ್ರ ಕಮ್ಮಿ. ನಂಗೆ ಅರ್ಥ ಆಗ್ತಿಲ್ಲ. ಆದ್ರೆ ನಂಬರ್ ಹಾಗೇ ಹೇಳ್ತಿದ್ರೆ ಒಪ್ಕೋಬೇಕು ಅಲ್ವಾ?”

“ಗಾರ್ಗಿ, ಅದು ನಾನು.”

“ಜೋಕ್ ಮಾಡ್ಬೇಡ ಲಾ.”

ಅವನು ಎಲ್ಲವನ್ನೂ ಹೇಳಿದ. ಮೊದಲ ಟ್ರೈನ್, ಜರಡಿ, ಅವಳು ಮೊಣಕಾಲಿಗೆ ಗಲ್ಲ ಊರಿ ಕೂತಿದ್ದನ್ನು ಮತ್ತೆ ನೋಡಲಾರೆ ಅನ್ನಿಸಿದ್ದು.

ಗಾರ್ಗಿ ದನಿ ಏರಿಸಲಿಲ್ಲ. ಪೆನ್ನು ತೆಗೆದಳು. ಎಷ್ಟು ಶನಿವಾರ ಎಂದು ಕೇಳಿದಳು. ಎಂಟು ಎಂದ. ತೆಗೆದ ಗುಳಿಗೆ ಎಲ್ಲಿ ಎಂದಳು. ರೂಮಿನಲ್ಲಿ, ಡಬ್ಬದಲ್ಲಿದೆ ಎಂದ. ಅವಳ ಕಣ್ಣು ಒಮ್ಮೆಲೇ ಹೊಳೆಯಿತು.

“ವಾರವಾರದ್ದೂ ಬೇರೆ ಬೇರೆ ಇಟ್ಟಿದೀಯಾ? ಡೇಟ್ ಹಾಕಿ?”

ಸುಳ್ಳು ಹೇಳಬಹುದಿತ್ತು.

“ಇಲ್ಲ. ಎಲ್ಲಾ ಒಂದೇ ಡಬ್ಬದಲ್ಲಿ.”

ಆ ಹೊಳಪು ಆರಿಹೋದದ್ದನ್ನು ಅವನು ಒಂದಡಿ ದೂರದಿಂದ ನೋಡಿದ. ಎಂಟು ವಾರಗಳನ್ನು ಯಾರೂ ಮತ್ತೆ ಜೋಡಿಸಲಾರರು.

“ನನ್ನ ಲವ್ ಮಾಡ್ತೀಯಾ?” ಎಂದಳು, ಕಾಗದದಿಂದ ತಲೆಯೆತ್ತದೆ.

“ಹೂಂ.”

“ನಾನೂ. ಅದೂ ಈ ಎಂಟು ವಾರದಲ್ಲೇ ಬಂದಿದ್ದು. ಅದನ್ನೇನ್ ಮಾಡ್ಲಿ ಹೇಳು?”

ಎರಡು ಲೋಟದಲ್ಲೂ ಕಾಫಿ ತಣ್ಣಗಾಗಿತ್ತು. ಅವಳು ಎದ್ದು ಹೋದಳು.

ಎಂಟು ಎಣಿಕೆಗಳು ರದ್ದು ಎಂಬ ಪತ್ರ ಭಾನುವಾರ ಎಲ್ಲರಿಗೂ ಹೋಯಿತು. ಅದರಲ್ಲಿ ತನ್ನ ಹೆಸರೇ ಇರಲಿ ಎಂದು ವೇದಾಂತ್ ಮೆಸೇಜ್ ಮಾಡಿದ್ದ. ಅವಳು ಪೂರ್ತಿ ಹೆಸರು ಹಾಕಿದ್ದಳು. ನಂಬಲಾಗದ ಅಂಕಿಗಳ ಬಗ್ಗೆ ಇನ್ನು ಪತ್ರವ್ಯವಹಾರ ಮಾಡುವುದಿಲ್ಲ ಎಂದು ಮಂಗಳವಾರ ಗೋದಾಮು ಉತ್ತರಿಸಿತು. ಆರು ಜನರಲ್ಲಿ ಇಬ್ಬರು ಗುಂಪು ಬಿಟ್ಟರು. ಚರಂಡಿಗೆ ಜಾಲರಿ ಬರಲಿಲ್ಲ.

ಶನಿವಾರ ವೇದಾಂತ್ ಮೊದಲ ಟ್ರೈನನ್ನು ಬೇಕೆಂದೇ ಬಿಟ್ಟು ತಡವಾಗಿ ಹೊರಟ. ಬರಿಗೈಯಲ್ಲಿ ಬಂದು ದಾರದಿಂದ ಎರಡು ಹೆಜ್ಜೆ ದೂರ ನಿಂತ. ಗಾರ್ಗಿ ಅವನನ್ನು ನೋಡಿದಳು. ಹಾಳೆಯನ್ನು ಈ ಸಲ ಅವನಿಗೆ ಕೊಡಲಿಲ್ಲ.

“ನಾನು ಬರ್ಕೋತೀನಿ,” ಎಂದು ಅಂಗೈ ಚಾಚಿದಳು. “ನೀನು ಎಣಿಸು. ಜೋರಾಗಿ.”

ಅವನು ಮಂಡಿಯೂರಿ, ಒಂದೊಂದನ್ನೇ ಹೆಕ್ಕಿ ಅವಳ ಅಂಗೈಗೆ ಹಾಕುತ್ತ ಎಣಿಸಿದ. ಐವತ್ತು ನಿಮಿಷ ಹಿಡಿಯಿತು. ಮುನ್ನೂರ ಆರು.