ಹನ್ನೊಂದು ನಿಮಿಷದಲ್ಲಿ ಎಲ್ಲರೂ ಸೇಫ್

"ನೀನು ಜ್ಞಾನ ತಪ್ಪಿದವಳು," ಎಂದರು ಸೆಕ್ರೆಟರಿ ಅಂಕಲ್, ಕೈಯಲ್ಲಿದ್ದ ಪಟ್ಟಿಯ ಮೇಲೆ ಪೆನ್ನು ಓಡಿಸುತ್ತ.

"ನಾನ್ಯಾಕೆ? ನನಗೂ ಕಾಲು ಮುರೀಲಿ ಅಂಕಲ್!"

"ಕಾಲು ಮುರಿದಿರೋದು ನಿಮ್ಮಣ್ಣಂದು. ಆಗಲೇ ಬ್ಯಾಂಡೇಜ್ ಸುತ್ತಾಗಿದೆ."

"ಹಾಗಾದ್ರೆ ತಲೆಗೆ ಗಾಯ. ಕೆಂಪು ಇಂಕು ನಮ್ಮನೇಲೇ ಇದೆ, ತರ್ತೀನಿ."

"ಬೇಡಮ್ಮ ತಾಯಿ. ಗಾಯ ಆದವರು ಕೂಗಾಡಬೇಕು. ನೀನು ಶುರು ಮಾಡಿದ್ರೆ ನಿಲ್ಲಿಸೋರು ಯಾರು? ಜ್ಞಾನ ತಪ್ಪಿದವರು ಮಾತಾಡೋ ಹಾಗಿಲ್ಲ. ಈ ಪಾರ್ಟು ನಿನಗೇ ಹೇಳಿ ಮಾಡಿಸಿದ ಹಾಗಿದೆ."

ಸುತ್ತ ನಿಂತವರೆಲ್ಲ ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ, ಮುರಿದ ಕಾಲಿನ ಮೇಲೇ ಕುಣಿಯುತ್ತ.

ಐದನೇ ಕ್ಲಾಸಿನ ಈ ಹುಡುಗಿಗೆ ಬಿಲ್ಡಿಂಗಿನವರು ಇಟ್ಟಿದ್ದ ಹೆಸರು ಪಿಟೀಲು. ಒಂದು ವಿಷಯ ಹಿಡಿದಳೆಂದರೆ ಬಿಡದೆ ಕುಯ್ಯುತ್ತಾಳಂತೆ. ಅವಳ ಪ್ರಕಾರ ಅವಳು ಬರೀ ಪ್ರಶ್ನೆ ಕೇಳುತ್ತಾಳೆ, ಅಷ್ಟೇ. ಉತ್ತರ ಗೊತ್ತಿಲ್ಲದವರಿಗೆ ಅದು ಕುಯ್ದ ಹಾಗೆ ಕೇಳಿಸಿದರೆ ಅವಳೇನು ಮಾಡಬೇಕು?

ಅವತ್ತು ಭಾನುವಾರ. ಬಿಲ್ಡಿಂಗಿಗೆ ಬೆಂಕಿ ಬಿದ್ದರೆ ಎಲ್ಲರೂ ಹೇಗೆ ಹೊರಗೆ ಬರಬೇಕೆಂದು ಕಲಿಯುವ ಮಾಕ್ ಡ್ರಿಲ್. ಮೂರು ತಿಂಗಳ ಹಿಂದೆ ಹಿಂದಿನ ಬೀದಿಯ ಹಾಸಿಗೆ ಅಂಗಡಿಗೆ ನಿಜವಾಗಿಯೇ ಬೆಂಕಿ ಬಿದ್ದು, ಕಪ್ಪು ಹೊಗೆ ಇವರ ಕಿಟಕಿಗಳಿಗೆ ನುಗ್ಗಿತ್ತು. ಅಂದಿನಿಂದ ಸೆಕ್ರೆಟರಿ ಅಂಕಲ್ ಸುರಕ್ಷತೆಯನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡಿದ್ದರು. ಎಷ್ಟು ಗಂಭೀರವಾಗಿ ಎಂದರೆ, ಡ್ರಿಲ್ ಶುರುವಾಗುವ ಮೊದಲೇ ಬ್ಯಾನರ್ ಪ್ರಿಂಟ್ ಮಾಡಿಸಿ ಗೇಟಿಗೆ ಕಟ್ಟಿಸಿದ್ದರು: 'ಹನ್ನೊಂದು ನಿಮಿಷದಲ್ಲಿ ಎಲ್ಲರೂ ಸೇಫ್! ನಮ್ಮ ಬಿಲ್ಡಿಂಗ್ ನಮ್ಮ ಹೆಮ್ಮೆ!'

"ಇನ್ನೂ ಡ್ರಿಲ್ಲೇ ಆಗಿಲ್ಲ. ಹನ್ನೊಂದೇ ನಿಮಿಷ ಅಂತ ಹೇಗೆ ಗೊತ್ತಾಯ್ತು ಅಂಕಲ್?"

"ಜ್ಞಾನ ತಪ್ಪಿದವಳು ನಾಲ್ಕನೇ ಮಹಡಿಗೆ ಹೋಗು," ಎಂದರು ಅಂಕಲ್. "ಬಂದು ಎತ್ತಿಕೊಂಡು ಹೋಗೋವರೆಗೂ ಅಲ್ಲಾಡಬಾರದು."

ಲಿಫ್ಟ್ ಇಲ್ಲದ ಬಿಲ್ಡಿಂಗ್. ಪಿಟೀಲು ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋಗಿ, ನಾಲ್ಕನೇ ಮಹಡಿಯ ತಣ್ಣನೆಯ ನೆಲದ ಮೇಲೆ ಕೈಕಾಲು ಚಾಚಿ ಮಲಗಿದಳು. ಸೀಟಿ ಊದಿದರು. ಯಾರದೋ ಮೊಬೈಲಿನಿಂದ ಸೈರನ್ ಕೂಗಿತು. ಕೆಳಗೆ ಅಣ್ಣ "ಅಯ್ಯೋ ನನ್ನ ಕಾಲು!" ಎಂದು ಅರಚತೊಡಗಿದ. ಒಮ್ಮೆ ಎಡಗಾಲು ಎಂದ, ಇನ್ನೊಮ್ಮೆ ಬಲಗಾಲು ಎಂದ.

ಹೆಜ್ಜೆ ಸಪ್ಪಳ ಮೇಲೆ ಬಂತು. ಒಂದನೇ ಮಹಡಿ. ಎರಡನೇ ಮಹಡಿ. ಅಲ್ಲಿಗೆ ನಿಂತಿತು.

"ಸರ್, ಇಲ್ಲೇ ಲೈಟು ಚೆನ್ನಾಗಿದೆ," ಎಂದಿತು ಒಂದು ಏದುಸಿರಿನ ದನಿ. ಅದು ಫೋಟೋಗ್ರಾಫರನದು. "ಇದಕ್ಕಿಂತ ಮೇಲೆ ಬರೀ ಕತ್ತಲು. ಫೋಟೋ ಬರಲ್ಲ."

ಫೋಟೋ ಬಾರದ ಕಡೆ ಬೆಂಕಿಯೂ ಬರುವುದಿಲ್ಲ ತಾನೆ. ಹೆಜ್ಜೆಗಳು ಹಿಂದಿರುಗಿದವು.

ಪಿಟೀಲು ಕಾದಳು. ಮೂಗಿನ ಮೇಲೆ ನೊಣ ಕೂತಿತು. ಅಲ್ಲಾಡಲಿಲ್ಲ. ಕೆಳಗೆ ಚಪ್ಪಾಳೆ ಬಿತ್ತು. ಮೈಕಿನಲ್ಲಿ ಸೆಕ್ರೆಟರಿ ಅಂಕಲ್ ದನಿ ಕೇಳಿಸಿತು: "ನಲವತ್ತೆಂಟು ಜನಕ್ಕೆ ನಲವತ್ತೆಂಟೂ ಸೇಫ್! ಸಮಯ, ಸರಿಯಾಗಿ ಹನ್ನೊಂದು ನಿಮಿಷ!"

ಪಿಟೀಲು ಕಣ್ಣು ಬಿಟ್ಟಳು. ಅವಳನ್ನೂ ಲೆಕ್ಕಕ್ಕೆ ಹಿಡಿದಿದ್ದರು, ಆದರೆ ಅವಳು ಇನ್ನೂ ಇಲ್ಲೇ ಇದ್ದಳು.

ಪಕ್ಕದ ಬಾಗಿಲು ಕಿರ್ ಎಂದಿತು. ಎರಡು ಊರುಗೋಲುಗಳ ಮೇಲೆ ಭಾರ ಹಾಕಿ ನಿಂತಿದ್ದವರು ಟೈಲರ್ ಆಂಟಿ. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಬಿಲ್ಡಿಂಗಿನ ಮಕ್ಕಳ ಯೂನಿಫಾರ್ಮ್ ಎಲ್ಲ ಹೊಲಿಯುವವರು ಅವರೇ. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ, ಅದರಲ್ಲಿ ಬಟ್ಟೆ ಇಟ್ಟರೆ ಮೇಲೆ ಹೋಗುತ್ತದೆ, ಹೊಲಿದದ್ದು ಕೆಳಗೆ ಬರುತ್ತದೆ. ಬುಟ್ಟಿಯನ್ನು ಎಲ್ಲರೂ ನೋಡಿದ್ದರು. ಆಂಟಿಯನ್ನು ನೋಡಿದವರು ಕಡಿಮೆ.

"ಏನೇ ಇಲ್ಲಿ ಬಿದ್ಕೊಂಡಿದೀಯ?"

"ನಾನು ಜ್ಞಾನ ತಪ್ಪಿದೀನಿ ಆಂಟಿ."

"ಓಹೋ. ನೆಲ ತಣ್ಣಗಿದೆ, ಒಳಗೆ ಬಂದು ತಪ್ಪು."

ಒಳಗೆ ಒಂದೇ ಕೋಣೆ. ಕಿಟಕಿಯ ಪಕ್ಕ ಕೈಮೆಷಿನ್, ಚಾಪೆಯ ಮೇಲೆ ಅರ್ಧ ಹೊಲಿದ ನೀಲಿ ಪ್ಯಾಂಟುಗಳ ರಾಶಿ.

"ನಿಮ್ಮನ್ನೂ ಮರೆತುಬಿಟ್ರಾ ಆಂಟಿ?"

"ಛೆ ಛೆ, ಮರೀತಾರಾ? ನೆನ್ನೆಯೇ ಸೆಕ್ರೆಟರಿ ಫೋನ್ ಮಾಡಿದ್ರು. 'ನೀವು ಯಾಕೆ ತೊಂದರೆ ತಗೋತೀರಿ, ಮನೇಲೇ ಇರಿ, ನಿಮಗೆ ಟಿಕ್ ಹಾಕ್ಕೋತೀವಿ' ಅಂದ್ರು. ಎಷ್ಟು ಒಳ್ಳೆಯವರು ನೋಡು. ಕೂತಲ್ಲೇ ನನ್ನ ಪ್ರಾಣ ಉಳಿಸಿದ್ರು."

ಪಿಟೀಲಿಗೆ ನಗು ಬಂತು. ನಗುತ್ತಲೇ ಇನ್ನೊಂದು ಪ್ರಶ್ನೆ ಹೊಳೆಯಿತು. "ಮತ್ತೆ ಆವತ್ತು? ನಿಜವಾದ ಹೊಗೆ ಬಂದ ದಿನ?"

ಆಂಟಿ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕಿಟಕಿಯಿಂದ ಕೂಗಿದೆ. ಕೆಮ್ಮು ಬಂತು, ದನಿ ಹೊರಡಲಿಲ್ಲ. ಕಿಟಕಿ ಮುಚ್ಚಿ, ಬಟ್ಟೆ ಒದ್ದೆ ಮಾಡಿ ಮೂಗಿಗೆ ಹಿಡಿದು ಕೂತೆ. ಕೆಳಗಿನ ಮಾತೆಲ್ಲ ಕೇಳಿಸ್ತಿತ್ತು. 'ಎಲ್ಲರೂ ಬಂದ್ರಾ?' ಅಂತ ಸೆಕ್ರೆಟರಿ ಕೇಳಿದ್ರು. 'ಬಂದ್ವೀ' ಅಂತ ಎಲ್ಲರೂ ಕೂಗಿದ್ರಿ. ಅದರಲ್ಲಿ ಒಂದು ಕೀರಲು ದನಿ ಎಲ್ಲಕ್ಕಿಂತ ಮೇಲಿತ್ತು. ಯಾವುದೋ ಚಿಕ್ಕ ಹುಡುಗೀದು."

ಪಿಟೀಲಿನ ಕಿವಿ ಬಿಸಿಯಾಯಿತು. ಆ ಸಂಜೆ ಅವಳು ಬೀದಿಯಲ್ಲಿ ನಿಂತು ಐಸ್‌ಕ್ಯಾಂಡಿ ತಿನ್ನುತ್ತ, ಬಂದ ಫೈರ್ ಎಂಜಿನ್‌ಗಳನ್ನು ಎಣಿಸಿದ್ದಳು. ಮೂರು. ಮಾರನೇ ದಿನ ಶಾಲೆಯಲ್ಲಿ ಐದು ಎಂದು ಹೇಳಿದ್ದಳು. ಅಂಥ ಮಜದ ಸಂಜೆ ಮತ್ತೆ ಬಂದೇ ಇರಲಿಲ್ಲ.

ಕೆಳಗಿನಿಂದ ಅಮ್ಮನ ದನಿ ಬಂತು. "ನನ್ನ ಮಗಳೆಲ್ಲಿ?"

"ಸೇಫ್ ಆಗಿದಾಳೆ ಬಿಡಿ. ನೋಡಿ, ಟಿಕ್ ಇದೆ."

"ಟಿಕ್ ಕಟ್ಕೊಂಡು ನಾನೇನ್ ಮಾಡ್ಲಿ? ಹುಡುಗಿ ಎಲ್ಲಿ?"

ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಪಿಟೀಲು ಸರಕ್ಕನೆ ಎದ್ದು ಹೊರಗೋಡಿ, ತನ್ನ ಜಾಗದಲ್ಲಿ ಮತ್ತೆ ಮಲಗಿ ಕಣ್ಣು ಮುಚ್ಚಿದಳು.

"ಏಳಮ್ಮ, ಡ್ರಿಲ್ ಮುಗೀತು," ಎಂದರು ಸೆಕ್ರೆಟರಿ ಅಂಕಲ್, ಉಸಿರು ಹಿಡಿದುಕೊಳ್ಳುತ್ತ. "ಕೆಳಗೆ ಜ್ಯೂಸ್ ಕೊಡ್ತಿದಾರೆ."

ಪಿಟೀಲು ಅಲ್ಲಾಡಲಿಲ್ಲ.

"ಏಯ್, ಏಳು ಅಂದೆ!"

"ಅವಳಿಗೆ ಜ್ಞಾನ ಇಲ್ಲ ಸರ್," ಎಂದರು ಆಂಟಿ ಬಾಗಿಲಲ್ಲಿ ನಿಂತು. "ಆಗಿನಿಂದ ನಾನೇ ಕಾವಲಿದೀನಿ."

ಅಮ್ಮ ಮಗಳ ಮುಖ ನೋಡಿದಳು. ಆಂಟಿಯ ಮುಖ ನೋಡಿದಳು. ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, "ನಿಜ, ಇವಳು ಇಷ್ಟು ಹೊತ್ತು ಮಾತಾಡದೆ ಇದಾಳೆ ಅಂದ್ರೆ ಜ್ಞಾನ ಇಲ್ಲ ಅಂತಲೇ ಅರ್ಥ. ಸ್ಟ್ರೆಚರ್ ತರಿಸಿ," ಎಂದಳು.

ಡ್ರಿಲ್ ನೋಡಲು ಬಂದಿದ್ದ ಅಗ್ನಿಶಾಮಕ ದಳದ ಮೇಡಂ ಸ್ಟ್ರೆಚರಿನ ಜೊತೆ ತಾವೇ ಮೇಲೆ ಬರಬೇಕಾಯಿತು. ಅವರು ಬಂದದ್ದು ತಡವಾಗಿ. ಎರಡನೇ ಮಹಡಿಯ ತಿರುವಿನಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಸ್ಟ್ರೆಚರ್ ತಿರುಗದೆ ಅಲ್ಲೇ ಸಿಕ್ಕಿಕೊಂಡಿತ್ತು.

"ಆ ಬೀರು ಯಾರದು?" ಎಂದು ಕೇಳಿದರು ಮೇಡಂ.

ಸೆಕ್ರೆಟರಿ ಅಂಕಲ್ ಸೀಲಿಂಗಿನಲ್ಲಿ ಏನನ್ನೋ ಹುಡುಕತೊಡಗಿದರು. ಅಲ್ಲಿ ಏನೂ ಇರಲಿಲ್ಲ.

ಮೇಡಂ ನೆಲದ ಮೇಲಿದ್ದ ಹುಡುಗಿಯನ್ನು ನೋಡಿ, ಪಟ್ಟಿ ಕೇಳಿ ಇಸಿದುಕೊಂಡರು. ಆಮೇಲೆ ಊರುಗೋಲುಗಳನ್ನು ನೋಡಿದರು. ಪಟ್ಟಿಯ ಕೊನೆಯ ಸಾಲನ್ನು ಜೋರಾಗಿ ಓದಿದರು. "'ನಡೆಯಲಾಗದವರು: ಯಾರೂ ಇಲ್ಲ.' ಇದನ್ನ ಬರೆದವರು ಯಾರು?"

"ಅವರು ಹೊರಗೇ ಬರಲ್ಲ ಮೇಡಂ," ಎಂದರು ಅಂಕಲ್. "ಅವರಿಗೆ ಯಾಕೆ ತೊಂದ್ರೆ ಅಂತ..."

"ಹೊತ್ತು ಇಳಿಸೋ ಕುರ್ಚಿ ನಮ್ಮ ಹತ್ರ ಇದೆ ಸರ್. ಇಬ್ಬರು ಸಾಕು, ನಾಲ್ಕು ನಿಮಿಷ. ಇವತ್ತು ಸ್ಟೇಷನ್ನಲ್ಲೇ ಬಿಟ್ಟು ಬಂದೆ. ಯಾರೂ ಇಲ್ಲ ಅಂತ ನೀವೇ ಬರೆದುಕೊಟ್ಟಿದ್ರಲ್ಲ."

"ಅದಕ್ಕೇನಂತೆ!" ಸೆಕ್ರೆಟರಿ ಅಂಕಲ್‌ಗೆ ಒಮ್ಮೆಲೇ ಹುರುಪು ಬಂತು. "ಪ್ಲಾಸ್ಟಿಕ್ ಕುರ್ಚಿ ತರಿಸ್ತೀನಿ. ನಾಲ್ಕು ಜನ ಎತ್ತಿದ್ರೆ ಆಯ್ತು. ಫೋಟೋಗ್ರಾಫರನ್ನ ಕರೀರೋ!"

ಆಂಟಿ ಬೇಡ ಎನ್ನುವುದರೊಳಗೆ ಅವರನ್ನು ಕೂರಿಸಿ, ನಾಲ್ಕು ಗಂಡಸರು ಎತ್ತಿಯಾಗಿತ್ತು. ಒಬ್ಬ ಎಡಕ್ಕೆ ಎಂದ, ಇನ್ನೊಬ್ಬ ಬಲಕ್ಕೆ ಎಂದ. ಏಳನೇ ಮೆಟ್ಟಿಲಲ್ಲಿ ಕುರ್ಚಿಯ ಕಾಲು ಪಟ್ ಎಂದು ಬಗ್ಗಿತು. ಆಂಟಿ ಮುಂದಕ್ಕೆ ವಾಲಿ ಕಂಬಿ ಹಿಡಿದುಕೊಂಡರು. ಅವರ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು.

ಪಿಟೀಲು ಎದ್ದು ಕೂತಿದ್ದಳು. ಅಣ್ಣ ಅರಚಿದಾಗ ಅದು ಆಟ ಎಂದು ಎಲ್ಲರಿಗೂ ಗೊತ್ತಿತ್ತು. ಆಂಟಿ ಅರಚಲಿಲ್ಲ, ತುಟಿ ಕಚ್ಚಿಕೊಂಡಿದ್ದರು, ಅಷ್ಟೇ. ಇದನ್ನೆಲ್ಲ ಶುರು ಮಾಡಿದ್ದು ತಾನೇ ಎಂದು ಅವಳಿಗೆ ಆಗ ನೆನಪಾಯಿತು.

"ಇಳಿಸಿ," ಎಂದರು ಆಂಟಿ. "ನಾನೇನು ಸಾಮಾನಿನ ಮೂಟೆ ಅಲ್ಲ."

ಇಳಿಸಿದರು. ಫೈರ್ ಮೇಡಂ ಅವರ ಪಕ್ಕದ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತರು. "ತಪ್ಪಾಯ್ತು. ನಿಮ್ಮನ್ನ ಮೊದಲು ಕೇಳಬೇಕಿತ್ತು. ಡಾಕ್ಟರ ಹತ್ತಿರ ಹೋಗಬೇಕಾದ್ರೆ ಹೇಗೆ ಇಳೀತೀರ?"

ಆಂಟಿ ತಲೆ ಎತ್ತಿ ಮೇಡಂ ಕಡೆ ನೋಡಿದರು. ಈ ಪ್ರಶ್ನೆ ಅವರಿಗೆ ಹೊಸದು ಎಂದು ಕಾಣುತ್ತದೆ.

"ಕೂತ್ಕೊಂಡು," ಎಂದರು. "ಒಂದೊಂದೇ ಮೆಟ್ಟಿಲು. ನೋಡಿ ಬೇಕಾದ್ರೆ."

ಎರಡೂ ಅಂಗೈ ಹಿಂದಕ್ಕೆ ಊರಿ, ಮೈ ಎತ್ತಿ, ಕೆಳಗಿನ ಮೆಟ್ಟಿಲಿಗೆ ಜಾರಿದರು. ಆಮೇಲೆ ಇನ್ನೊಂದು. ಮೇಡಂ ಗಡಿಯಾರ ನೋಡುತ್ತ ಹಿಂದೆ ಇಳಿದರು. ಪಿಟೀಲು ಊರುಗೋಲುಗಳನ್ನು ಎತ್ತಿಕೊಂಡಳು. ಬೀರುವಿನ ಪಕ್ಕ ಆಂಟಿ ಅಡ್ಡ ತಿರುಗಿ ನುಸುಳಬೇಕಾಯಿತು. ಮೊಣಕೈ ತರಚಿತು. ಸೆಕ್ರೆಟರಿ ಅಂಕಲ್ "ನಾಳೆಯೇ ತೆಗೆಸ್ತೀನಿ" ಎಂದರು. "ಇವತ್ತೇ," ಎಂದರು ಮೇಡಂ.

ಅಂಗಳ ಮುಟ್ಟಿದಾಗ ಸೀಟಿ ಊದಿ ಮೂವತ್ತನಾಲ್ಕು ನಿಮಿಷವಾಗಿತ್ತು. ಮೇಡಂ ವರದಿಯಲ್ಲಿ ಹನ್ನೊಂದನ್ನು ಹೊಡೆದು ಹಾಕಿದರು.

"ಅಯ್ಯೋ ಮೇಡಂ, ಬ್ಯಾನರ್ ಪ್ರಿಂಟ್ ಆಗಿಬಿಟ್ಟಿದೆ!"

"ಚೆನ್ನಾಗಿದೆ ಬ್ಯಾನರ್," ಎಂದರು ಮೇಡಂ. "ಬೆಂಕಿ ಬಂದಾಗ ಅದಕ್ಕೇ ತೋರಿಸಿ. ಓದಿಕೊಂಡು ಹನ್ನೊಂದು ನಿಮಿಷ ಕಾಯುತ್ತೆ."

ಆಂಟಿಯ ಹೆಸರು, ಮಹಡಿ, ಫೋನ್ ನಂಬರ್ ಎಲ್ಲವನ್ನೂ ಅವರು ಕೇಳಿ ಬರೆದುಕೊಂಡರು. ಮುಂದಿನ ಭಾನುವಾರ ಕುರ್ಚಿ ತಂದು, ಅದನ್ನು ಹೊರುವುದು ಹೇಗೆಂದು ಅಕ್ಕಪಕ್ಕದ ಇಬ್ಬರಿಗೆ ಕಲಿಸುತ್ತೇನೆ ಎಂದರು. ಅಮ್ಮ ಮೊದಲು ಕೈ ಎತ್ತಿದಳು. ಅಷ್ಟರಲ್ಲಿ ಮೇಡಂಗೆ ಎಲ್ಲಿಂದಲೋ ಕರೆ ಬಂತು. ನಿಜವಾದದ್ದು. ಗಾಡಿ ಹೊರಟುಹೋಯಿತು.

ಜ್ಯೂಸ್ ಖಾಲಿಯಾಗಿತ್ತು, ಜನವೂ ಖಾಲಿಯಾಗಿದ್ದರು. ಇಳಿಸುವುದನ್ನು ನೋಡಲು ನಲವತ್ತು ಜನ ಇದ್ದರು. ಹತ್ತುವುದು ಡ್ರಿಲ್ಲಿನಲ್ಲಿ ಇರಲಿಲ್ಲವಲ್ಲ. ಅಮ್ಮ ಯಾರನ್ನಾದರೂ ಕರೆತರುತ್ತೇನೆ ಎಂದು ಹೋದಳು.

"ಯಾರೂ ಬೇಡ," ಎಂದರು ಆಂಟಿ. "ಪ್ಯಾಂಟುಗಳು ಕಾಯ್ತಿವೆ." ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಅಂಗೈ ಊರಿ ಮೇಲಕ್ಕೆ ಸರಿದರು.

ಪಿಟೀಲು ಊರುಗೋಲುಗಳನ್ನು ಹಿಡಿದು ನಿಂತಿದ್ದಳು. "ಆವತ್ತಿನ ಕೀರಲು ದನಿ ನಂದೇ ಆಂಟಿ," ಎಂದಳು.

"ಗೊತ್ತು. ಬೇರೆ ಯಾರಿಗಿದೆ ಅಂಥ ದನಿ?"

ಪಿಟೀಲು ಊರುಗೋಲುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಆಂಟಿಯ ಪಕ್ಕದಲ್ಲೇ ಕೂತಳು. ಅವರ ಹಾಗೆಯೇ ಅಂಗೈ ಊರಿ ಹಿಂದಕ್ಕೆ ಸರಿದಳು. ಒಂದು. ಎರಡು. ಹತ್ತಾಗುವಷ್ಟರಲ್ಲಿ ತೋಳು ನಡುಗತೊಡಗಿತು.

"ಒಟ್ಟು ಎಷ್ಟಿವೆ ಆಂಟಿ?"

"ಎಪ್ಪತ್ತೆರಡು. ಹುಷಾರು, ಮುಂದಿನದು ಸ್ವಲ್ಪ ಎತ್ತರ. ಕಟ್ಟಿದವನು ಅಳತೆ ತಪ್ಪಿದಾನೆ."

ಹುಟ್ಟಿದಾಗಿನಿಂದ ಈ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹಾರಿದವಳು ಪಿಟೀಲು. ಎತ್ತರವಂತೆ! ಅವಳು ಕೈ ಊರಿ ಮೈ ಎತ್ತಿದಳು. ಸಾಲಲಿಲ್ಲ. ಬೆನ್ನು ಕಲ್ಲಿನ ಅಂಚಿಗೆ ತಗುಲಿ, ಧೊಪ್ಪನೆ ಕೆಳಗಿನ ಮೆಟ್ಟಿಲಿಗೇ ಕುಸಿದಳು.

ಆಂಟಿ ಆಗಲೇ ಮೇಲಿದ್ದರು. ಅವಸರ ಮಾಡಲಿಲ್ಲ. ಗೋಡೆಗೆ ಒರಗಿ ಕಾದರು.

ಪಿಟೀಲು ಅಂಗೈಯ ಧೂಳನ್ನು ಫ್ರಾಕಿಗೆ ಒರೆಸಿಕೊಂಡು, ಕೈಗಳನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಊರಿದಳು.