ತೆರೆಗಾವಲು ಅಳಿಸದ ಜಾಹೀರಾತು

ಸರ್ವಮಂಗಳಾ ಕಂಪ್ಯೂಟರಿನ ಪರದೆಯ ಮೇಲೆ 'ಳ' ಅಕ್ಷರದ ಸುಳಿಯನ್ನು ತಿದ್ದುತ್ತಿದ್ದಾಗ, ಅದರ ಮೇಲೆಯೇ ಒಂದು ಹಾಸಿಗೆಯ ಜಾಹೀರಾತು ಬಂದು ಕುಳಿತಿತು. ಆಕೆಯ ಹುಬ್ಬು ಗಂಟಿಕ್ಕಿತು. ಪರದೆಯ ಅಂಚಿಗೆ ಅಂಟಿಸಿದ್ದ, ಹುಣಸೆಬೀಜದಷ್ಟು ಚಿಕ್ಕ ಯಂತ್ರವೊಂದು ಮಿನುಗಿತು. ಹಾಸಿಗೆ ಮಾಯವಾಯಿತು.

"ರೀ, ಬನ್ನಿ ಇಲ್ಲಿ! ಕೈ ಕೂಡ ಎತ್ತಲಿಲ್ಲ ನಾನು" ಎಂದು ಗಂಡನನ್ನು ಕೂಗಿದಳು.

ದಾವಣಗೆರೆಯ ಆ ಮನೆಗೆ ತೆರೆಗಾವಲು ಎಂಬ ಆ ಯಂತ್ರ ಬಂದು ಒಂದು ವಾರವಾಗಿತ್ತು. ಸರ್ವಮಂಗಳಾ ಪಠ್ಯಪುಸ್ತಕಗಳಿಗೆ ಹೊಸ ಕನ್ನಡ ಅಕ್ಷರಗಳನ್ನು ರೂಪಿಸುವವಳು. ಆ ಕಾಲದ ಜಾಹೀರಾತುಗಳು ಕೆಲಸದ ತಂತ್ರಾಂಶದೊಳಗೇ ಬೆರೆತು ಬರುತ್ತಿದ್ದುದರಿಂದ ಯಾವುದು ಕೆಲಸ, ಯಾವುದು ಜಾಹೀರಾತು ಎಂದು ಯಂತ್ರಗಳಿಗೆ ತಿಳಿಯುತ್ತಿರಲಿಲ್ಲ. ಹಳೆಯ ತಡೆಗಳೆಲ್ಲ ಸೋತಿದ್ದವು. ಡಾ. ಫರ್ಹಾನಾ ಎಂಬ ವಿಜ್ಞಾನಿ ಬೇರೆ ದಾರಿ ಹಿಡಿದರು. ಬೇಡವಾದದ್ದು ಕಣ್ಣೆದುರು ಧುತ್ತೆಂದು ಬಂದಾಗ ಮನುಷ್ಯನ ಪಾಪೆ ಕ್ಷಣಮಾತ್ರ ಅದರತ್ತ ಹೊರಳಿ ಕುಗ್ಗುತ್ತದೆ. ಆ ಸೂಕ್ಷ್ಮ ಚಲನೆಗೆ ಅವರು 'ಕಣ್ಮುನಿಸು' ಎಂದು ಹೆಸರಿಟ್ಟರು. ಕಣ್ಣು ಮುನಿದದ್ದನ್ನು ತೆರೆಗಾವಲು ಅಳಿಸುತ್ತಿತ್ತು, ಅಷ್ಟೇ. ಪರೀಕ್ಷೆಗೆಂದು ಊರಿನ ಕೆಲವು ಮನೆಗಳಿಗೆ ಅದನ್ನು ಕೊಟ್ಟಿದ್ದರು.

ಹೆಂಡತಿಯ ಕೂಗಿಗೆ ಬಂದ ಕೊಟ್ರೇಶ ಪರದೆಯನ್ನು ನೋಡಿ ನಕ್ಕ. "ಎಲ್ಲಿ ಹೋಗಿದೆ? ಎಡಗಡೆ ಮೇಲಿನ ಮೂಲೆಯಲ್ಲಿ ಮೂರು ಜಾಹೀರಾತು ಕುಣಿಯುತ್ತಾ ಇವೆಯಲ್ಲ!"

"ಏನೂ ಇಲ್ಲ ಅಲ್ಲಿ. ಎಷ್ಟು ಸ್ವಚ್ಛವಾಗಿದೆ!"

"ಮಂಗಳಾ, ತಮಾಷೆ ಮಾಡಬೇಡ."

ಅವನು ಬೆರಳಿಟ್ಟು ತೋರಿಸಿದ. ಆಕೆ ಕತ್ತು ತಿರುಗಿಸಿ ನೇರವಾಗಿ ನೋಡಿದಳು. ಮೂರೂ ತಟ್ಟನೆ ಅಳಿಸಿಹೋದವು. "ಇವು ಈಗ ಬಂದವು ಕಣ್ರೀ" ಎಂದಳು. ಅವನು ಒಪ್ಪಲಿಲ್ಲ. ಯಂತ್ರ ಕೆಟ್ಟಿದೆಯೆಂದು ಡಾ. ಫರ್ಹಾನಾ ಅವರಿಗೆ ಫೋನ್ ಮಾಡಿದ.

ಮರುದಿನ ಅವರೇ ಬಂದರು. ಮೊದಲು ಕೊಟ್ರೇಶನನ್ನು ಕೂರಿಸಿದರು. ಎಲ್ಲ ಮೂಲೆಗಳ ಜಾಹೀರಾತುಗಳೂ ಚಕಚಕನೆ ಮಾಯವಾದವು. ಆಮೇಲೆ ಸರ್ವಮಂಗಳಾ ಕುಳಿತಳು. ಎಡ ಮೇಲ್ಮೂಲೆಯಲ್ಲಿ ಅವು ಮತ್ತೆ ಗುಂಪುಗೂಡಿದವು. ಆಕೆ ಮಾತ್ರ ನೆಮ್ಮದಿಯಾಗಿ ಗೆರೆ ಎಳೆಯುತ್ತಲೇ ಇದ್ದಳು.

ಫರ್ಹಾನಾ ಪರದೆಯ ಆ ಮೂಲೆಯನ್ನೊಮ್ಮೆ, ಆಕೆಯ ಕಣ್ಣುಗಳನ್ನೊಮ್ಮೆ ನೋಡಿದರು.

"ಯಂತ್ರದಲ್ಲಿ ದೋಷ ಇದೆಯಾ ಮೇಡಂ?" ಕೊಟ್ರೇಶ ಕೇಳಿದ.

"ಇಲ್ಲ. ಕಣ್ಣು ಮುನಿಸಿಕೊಂಡರೆ ತಾನೆ ಅದು ಅಳಿಸುವುದು? ಅಲ್ಲಿ ಇವರ ಕಣ್ಣು ಮುನಿಸಿಕೊಳ್ಳುತ್ತಲೇ ಇಲ್ಲ." ಆಮೇಲೆ ಮೆಲ್ಲನೆ ಸರ್ವಮಂಗಳಾಳ ಕಡೆ ತಿರುಗಿದರು. "ಅಮ್ಮಾ, ಈಚೆಗೆ ತಲೆ, ಭುಜ ಎಲ್ಲಾದರೂ ತಗುಲಿಸಿಕೊಂಡಿರಾ?"

ಆಕೆಯ ಕೈ ತಾನಾಗಿ ಹಣೆಗೆ ಹೋಯಿತು. "ಅಡುಗೆಮನೆ ಕಪಾಟಿನ ಬಾಗಿಲು ಎರಡು ಸಲ ಬಡಿಯಿತು. ಇವರೇ ತೆರೆದಿಟ್ಟರು ಅಂತ ಜಗಳ ಆಡಿದ್ದೆ." ಸ್ವಲ್ಪ ತಡೆದು, "ನನಗೆ ಕಾಣುವುದಿಲ್ಲವೇ ಹಾಗಾದರೆ? ನನ್ನ ಬದುಕೇ ಕಣ್ಣಿನ ಮೇಲೆ ನಿಂತಿದೆ, ಡಾಕ್ಟರೇ" ಎಂದಳು.

"ನಾನು ಕಣ್ಣಿನ ವೈದ್ಯೆಯಲ್ಲ. ಏಳಿ, ಈಗಲೇ ಹೋಗೋಣ."

ಆಸ್ಪತ್ರೆಯಲ್ಲಿ ಅದು ಗ್ಲಾಕೋಮಾ ಎಂದು ತಿಳಿಯಿತು. ಕಣ್ಣಿನೊಳಗಿನ ಒತ್ತಡ ಏರಿ ನರ ಸದ್ದಿಲ್ಲದೆ ಸೊರಗುವ ಕಾಯಿಲೆ. ನೋವಿಲ್ಲ, ಉರಿಯಿಲ್ಲ. ಕಾಣದ ಜಾಗವನ್ನು ಮನಸ್ಸೇ ಸುತ್ತಲಿನ ಬಣ್ಣದಿಂದ ತುಂಬಿಬಿಡುವುದರಿಂದ ರೋಗಿಗೆ ಅನುಮಾನವೂ ಬರುವುದಿಲ್ಲ. "ಹೋದದ್ದು ಮರಳಿ ಬರುವುದಿಲ್ಲ" ಎಂದರು ವೈದ್ಯರು. "ಆದರೆ ಹೋಗಿರುವುದು ಒಂದು ಮೂಲೆ ಮಾತ್ರ. ಇನ್ನೂ ತಡವಾಗಿದ್ದರೆ ನಡುವಿನ ನೋಟಕ್ಕೇ ಕುತ್ತಾಗುತ್ತಿತ್ತು. ಹನಿಯೌಷಧಿ ತಪ್ಪಿಸಬೇಡಿ. ಉಳಿದದ್ದನ್ನು ಉಳಿಸಿಕೊಳ್ಳಬಹುದು. ಅಕ್ಷರ ಬರೆಯಿರಿ, ಯಾರು ಬೇಡವೆಂದರು?"

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಸರ್ವಮಂಗಳಾ ಅತ್ತಳು. ಕೊಟ್ರೇಶ ಪಕ್ಕದಲ್ಲಿ ಕುಳಿತು ಆಕೆಯ ಸೆರಗಿನ ತುದಿಯಿಂದಲೇ ತನ್ನ ಕಣ್ಣೊರೆಸಿಕೊಂಡ. ಅದನ್ನು ನೋಡಿ ಆಕೆಗೆ ನಗು ಬಂತು.

ಫರ್ಹಾನಾ ಅವರು ಜಾಹೀರಾತನ್ನು ನಿರ್ನಾಮ ಮಾಡಲು ಹೊರಟಿದ್ದವರು. ಈಗ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಯಂತ್ರವನ್ನು ತಿದ್ದಬೇಕಾಯಿತು. ಬೆಳಗಿನ ಕಾಫಿಯ ಹೊತ್ತಿಗೆ ತೆರೆಗಾವಲು ಕೆಲವು ನಿಮಿಷ ಸುಮ್ಮನಿರುತ್ತದೆ. ಜಾಹೀರಾತುಗಳು ಎಲ್ಲ ಮೂಲೆಗಳಿಗೂ ನುಗ್ಗುತ್ತವೆ. ಯಾವ ಯಾವ ಕಡೆ ಕಣ್ಣು ಮುನಿಯಿತೆಂದು ಯಂತ್ರ ಗಮನಿಸುತ್ತದೆ. ಮೊದಲು ಮುನಿದಿದ್ದ ಕಡೆ ಈಗ ಮುನಿಯದಿದ್ದರೆ ಅಲ್ಲಿ ನೋಟ ಕುಂದುತ್ತಿದೆಯೆಂದು ಅರ್ಥ. ಊರಿನ ಉಳಿದ ಮನೆಗಳಿಂದಲೂ ಆ ತಿದ್ದುಪಡಿ ಬೇಕೆಂದು ಕೇಳಿಬಂತು. ಜಾಹೀರಾತಿಗಾಗಿ ಜನ ಕಾದು ಕೂರುವ ಕಾಲವೊಂದು ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಮಳೆಗಾಲ ಕಳೆದು ಚಳಿ ಕಾಲಿಟ್ಟಾಗ ಒಂದು ಬೆಳಿಗ್ಗೆ ಕೊಟ್ರೇಶ ಬಾಗಿಲ ಬಳಿ ಕಿವಿಗೊಟ್ಟು ನಿಂತಿದ್ದ. ಒಳಗಿನಿಂದ ದನಿ ಬಂತು: "ಥೂ, ಇದರ ಮನೆ ಹಾಳಾಗ! ಬಲಗಡೆ ಹಲ್ಲುಪುಡಿ, ಕೆಳಗೆ ನೋಡಿದರೆ ಪ್ರೆಶರ್ ಕುಕ್ಕರ್! ಈ ಚಪ್ಪಲಿಯಂತೂ ನೆತ್ತಿಯ ಮೇಲೇ ಬಂತು!"

ಅವನು ಫೋನ್ ತೆಗೆದು ಡಾ. ಫರ್ಹಾನಾ ಅವರಿಗೆ ಹೇಳಿದ: "ಮೇಡಂ, ಇವತ್ತೂ ಬೈದಳು. ಹೋದ ತಿಂಗಳು ಬೈದ ಕಡೆಯೆಲ್ಲ ಬೈದಳು, ಒಂದನ್ನೂ ಬಿಡಲಿಲ್ಲ."